ಸೈಕಲ್ ಸವಾರರಿಗೆ ಉಡುಗೊರೆ: ಅಂಗಡಿಗೆ ಹೋಗುವ ಮೊದಲು ಸೈಕಲ್ ನೋಡಿ

ಕಳೆದ ಬಿಸುವಿಗೆ, ಅಂದರೆ ನಮ್ಮ ಕಡೆಯ ಯುಗಾದಿಗೆ, ಭಾವನಿಗೆ ಒಂದು ಪಂಪ್ ಕೊಟ್ಟೆ. ಅಂಗೈಗಿಂತ ಸ್ವಲ್ಪ ಉದ್ದ, ಬ್ಯಾಗಿನ ಮೂಲೆಯಲ್ಲಿ ಕೂರುವಂಥದ್ದು. ಭಾವ ದಿನಾ ಬೆಳಿಗ್ಗೆ ಸೀತಾಂಗೋಳಿ ಕಡೆಯಿಂದ ಕುಂಬಳೆ ರೈಲ್ವೆ ಸ್ಟೇಷನ್ನಿಗೆ ಸೈಕಲ್ಲಿನಲ್ಲಿ ಇಳಿಯುತ್ತಾರೆ. ಅಲ್ಲಿಂದ ರೈಲಿನಲ್ಲಿ ಮಂಗಳೂರಿಗೆ ಕೆಲಸಕ್ಕೆ. ದಾರಿಯಲ್ಲಿ ಗಾಳಿ ಹೋದರೆ ಬೇಕಾದೀತು ಎಂಬುದು ನನ್ನ ಲೆಕ್ಕ. ಅವರು ಅಂಗಳದಲ್ಲೇ ಚಕ್ರಕ್ಕೆ ಹಚ್ಚಿ ನೋಡಿದರು. ಕೂರಲಿಲ್ಲ. “ಇದು ಸ್ಕೂಟರ್ ವಾಲ್ವಿನದ್ದು ಮಾರಾಯ. ನನ್ನದು ಹಳೇ ಸೈಕಲ್ ಅಲ್ವಾ?” ಎಂದರು. ಪಂಪ್ ಈಗ ಅಕ್ಕನ ಶೋಕೇಸಿನಲ್ಲಿ ಉಂಟು.

ತಪ್ಪು ಪಂಪಿನದ್ದಲ್ಲ, ಸೈಕಲ್ ನೋಡದೆ ಕೊಂಡ ನನ್ನದು. ದಿನಾ ಸೈಕಲ್ ತುಳಿಯುವವರಿಗೆ ಏನಾದರೂ ಕೊಡಬೇಕೆಂದಿದ್ದರೆ ಹೀಗೆ ಶುರುಮಾಡಿ.

ಮೊದಲು ನಾಲ್ಕು ಫೋಟೊ ತೆಗೆಯಿರಿ

ಅವರು ಊಟಕ್ಕೆ ಕೂತಾಗ ಮೆಲ್ಲ ಹೊರಗೆ ಹೋಗಿ. ವಾಲ್ವು, ಟೈರಿನ ಬದಿಯ ಅಕ್ಷರ, ಹ್ಯಾಂಡಲ್, ಹಿಂದಿನ ಕ್ಯಾರಿಯರ್, ಈ ನಾಲ್ಕರ ಫೋಟೊ ತೆಗೆಯಿರಿ.

ನಮ್ಮಲ್ಲಿ ಕಾಣುವ ವಾಲ್ವು ಮೂರು ಬಗೆಯವು. ಹಳೇ ಕಪ್ಪು ಸೈಕಲ್ಲಿನದ್ದು ಒಳಗೆ ಸಣ್ಣ ರಬ್ಬರ್ ವಾಲ್‌ಟ್ಯೂಬ್ ಇರುವಂಥದ್ದು. ಗೇರ್ ಸೈಕಲ್ಲುಗಳಲ್ಲಿ ಹೆಚ್ಚಾಗಿ ಸ್ಕೂಟರ್, ಕಾರಿನಲ್ಲಿರುವ ದಪ್ಪ ವಾಲ್ವು. ಇದಕ್ಕೆ ಶ್ರೇಡರ್ ಎಂದು ಹೆಸರು. ತೆಳು ಚಕ್ರದ ದುಬಾರಿ ಸೈಕಲ್ಲುಗಳಲ್ಲಿ ಸಪೂರದ ಪ್ರೆಸ್ಟಾ. ನೀವು ಕೊಳ್ಳುವ ಪಂಪ್ ಯಾವುದಕ್ಕೆ ಹೊಂದುತ್ತದೆ ಎಂದು ಕೇಳಿಯೇ ಹಣ ಕೊಡಿ.

ಟೈರಿನ ಲೆಕ್ಕ ಇನ್ನೂ ಮೋಸದ್ದು. ‘26ರ ಟ್ಯೂಬ್ ಕೊಡಿ’ ಎಂದರೆ ಸಾಲದು. 26 ಇಂಚು ಎಂದು ಬರೆದ ಟೈರುಗಳಲ್ಲೇ ಒಂದಕ್ಕಿಂತ ಹೆಚ್ಚು ಅಳತೆಗಳಿವೆ. 26 × 1.95 ಎಂದಿದ್ದರೆ ಅದು ಕೂರುವ ರಿಮ್ಮಿನ ಅಳತೆ 559 ಮಿಲಿಮೀಟರ್. 26 × 1 3/8 ಎಂದಿದ್ದರೆ 590. ಹಳೇ ದೊಡ್ಡ ಸೈಕಲ್ಲಿನ 28 × 1 1/2 ಟೈರಿಗೆ 635. ಟೈರಿನ ಬದಿಯಲ್ಲಿ 37-590 ಎಂಬಂತೆ ಎರಡು ಅಂಕಿ ಇರುತ್ತವೆ. ಎರಡನೆಯದೇ ನಿಮಗೆ ಬೇಕಾದದ್ದು. ಅದರ ಫೋಟೊ ಅಂಗಡಿಯಲ್ಲಿ ತೋರಿಸಿದರೆ ಮಾತೇ ಬೇಡ.

ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ

ಕಾಸರಗೋಡಿನ ಒಳನಾಡಿನಲ್ಲಿ ಸಪಾಟು ದಾರಿ ಕಡಿಮೆ. ಮುರಕಲ್ಲಿನ ಪದವು, ಅದರ ಕೆಳಗೆ ತೋಟ, ಆಚೆ ಮತ್ತೊಂದು ಗುಡ್ಡೆ. ಭಾವನಿಗೆ ಬೆಳಿಗ್ಗೆ ಇಳಿತ, ಸಂಜೆ ಏರು. ಏರು ಕಂಡು ನನಗೆ ಅಯ್ಯೋ ಎನಿಸಿತ್ತು. ಅವರನ್ನೇ ಕೇಳಿದರೆ, “ಏರಿನಲ್ಲಿ ಇಳಿದು ತಳ್ಳಿದರಾಯಿತು. ಹೆದರಿಕೆ ಇಳಿಯುವಾಗಲೇ” ಎಂದರು.

ಅವರು ಹೇಳಿದ್ದು ಸರಿ. ರಿಮ್ ಒದ್ದೆಯಾಗಿದ್ದರೆ ಬ್ರೇಕ್ ಹಿಡಿದ ಕೂಡಲೇ ಚಕ್ರ ನಿಲ್ಲುವುದಿಲ್ಲ. ರಬ್ಬರ್ ಮೊದಲು ನೀರನ್ನು ಒರೆಸಬೇಕು, ಆಮೇಲೆ ಹಿಡಿತ. ಹಳೇ ಸೈಕಲ್ಲಿನ ಸ್ಟೀಲ್ ರಿಮ್ಮಿನಲ್ಲಿ ಈ ತಡ ಇನ್ನೂ ಜಾಸ್ತಿ. ಮೇಲಿಂದ ಕೆಂಪು ಮಣ್ಣಿನ ಹರಳು ರಬ್ಬರಿನೊಳಗೆ ಸೇರಿ ಅದನ್ನೂ ರಿಮ್ಮನ್ನೂ ತಿನ್ನುತ್ತದೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಮೊದಲಿನದ್ದು ಒಂದು ಜೊತೆ ಒಳ್ಳೆಯ ಬ್ರೇಕ್ ರಬ್ಬರ್. ಬಣ್ಣದ ಕಾಗದದಲ್ಲಿ ಸುತ್ತಿ ಕೊಡಲು ಸ್ವಲ್ಪ ನಾಚಿಕೆಯಾದೀತು, ಕೊಡಿ. ಸರಳಿನ ಬ್ರೇಕಿನ ರಬ್ಬರ್ ಬೇರೆ, ಕೇಬಲ್ ಬ್ರೇಕಿನದ್ದು ಬೇರೆ. ಮಾದರಿಗೆ ಫೋಟೊ ಇರಲಿ.

ಹೆದ್ದಾರಿ 66ರ ಬದಿಯಲ್ಲಿ ಹೋಗುವವರಿಗೆ ಕನ್ನಡಿ ಕೊಡಿ. ಸರ್ವಿಸ್ ರೋಡಿನಲ್ಲಿ ಎದುರಿಂದಲೂ ಗಾಡಿ ಬರುತ್ತವೆ, ಹಿಂದಿನಿಂದ ಬಸ್ಸು. ಪ್ರತಿ ಸಲ ಕತ್ತು ತಿರುಗಿಸಿದರೆ ಮುಂದಿನ ಗುಂಡಿ ಕಾಣದೆ ಹೋಗುತ್ತದೆ. ನಾವು ಎಡಬದಿಯಲ್ಲಿ ಹೋಗುವವರು, ಆದ್ದರಿಂದ ಕನ್ನಡಿ ಹ್ಯಾಂಡಲಿನ ಬಲಕ್ಕೆ. ಬಿಸುವಿನ ಬೆಳಿಗ್ಗೆ ನೋಡುವ ಕಣಿಗೆ ಹೇಗೂ ಕನ್ನಡಿ ಇಡುತ್ತೇವಲ್ಲ, ಆ ಸಲ ಇದನ್ನೇ ಇಟ್ಟರೆ ಯಾರೂ ಬೇಡ ಎನ್ನಲಿಕ್ಕಿಲ್ಲ.

ಸೈಕಲ್ ಎಲ್ಲಿ ನಿಲ್ಲುತ್ತದೆ?

ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಭಾವ ಸೈಕಲ್ ಮೇಲೆ ಇರುವುದು ದಿನಕ್ಕೆ ಒಂದು ಗಂಟೆ. ಅದು ಸ್ಟೇಷನ್ ಬಳಿ ಒಂಟಿಯಾಗಿ ನಿಲ್ಲುವುದು ಹತ್ತು ಗಂಟೆ. ಹಿಂದಿನ ಚಕ್ರಕ್ಕೆ ಹಾಕುವ ಸಣ್ಣ ಬೀಗ ಚಕ್ರ ತಿರುಗದಂತೆ ತಡೆಯುತ್ತದೆ, ಅಷ್ಟೇ. ಹೊತ್ತುಕೊಂಡು ಹೋಗುವವನಿಗೆ ಅದು ಲೆಕ್ಕವೇ ಅಲ್ಲ. ಕಂಬಕ್ಕೆ ಸೇರಿಸಿ ಹಾಕುವ ದಪ್ಪ ಚೈನಿನ ಬೀಗ ಅಥವಾ ಯು ಆಕಾರದ ಬೀಗ ಕೊಡಿ. ತೆಳು ಕೇಬಲಿನದ್ದು ಬೇಡ, ಕಟಿಂಗ್ ಪ್ಲೇಯರಿಗೂ ತುಂಡಾಗುತ್ತದೆ. ಚಕ್ರ ಮಾತ್ರವಲ್ಲ, ಫ್ರೇಮೂ ಬೀಗದೊಳಗೆ ಬರಬೇಕು ಎಂದು ಕೊಡುವಾಗಲೇ ಹೇಳಿ. ಸಮುದ್ರದ ಉಪ್ಪುಗಾಳಿಗೆ ಬೀಗದ ಹೊಟ್ಟೆ ತುಕ್ಕು ಹಿಡಿಯುತ್ತದೆ, ತಿಂಗಳಿಗೊಮ್ಮೆ ಒಂದು ಹನಿ ಎಣ್ಣೆ ಬೇಕು.

ಇನ್ನೊಂದು, ಸೀಟಿನ ಕವರ್. ಹರಿದ ಸ್ಪಂಜಿನ ಸೀಟು ಮಳೆ ನೀರನ್ನು ಕುಡಿದು ಸುಮ್ನೆ ಕಾಯುತ್ತಿರುತ್ತದೆ. ಮೇಲಿಂದ ಒರೆಸಿದರೆ ಒಣಗಿದಂತೆ ಕಾಣುತ್ತದೆ. ಕೂತ ಮೇಲೆ ಗೊತ್ತಾಗುತ್ತದೆ.

ಮಳೆಗಾಲದ ಸಾಮಾನು ಪತ್ತನಾಜೆಯೊಳಗೆ ತಲುಪಲಿ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈ ನಡುವಿಗೆ ಶುರುವಾಗುವ ಆಟಿ ತಿಂಗಳಲ್ಲಿ ಕೊಟ್ಟರೆ ಅರ್ಧ ಮಳೆಗಾಲ ಮುಗಿದಿರುತ್ತದೆ. ಮೇ ಕೊನೆಗೆ ಪತ್ತನಾಜೆ ಬರುವ ಮೊದಲೇ ಕೊಡಿ.

ರೈನ್‌ಕೋಟ್ ಎಂದಾಗ ಎಲ್ಲರೂ ಬೈಕಿನವರ ಕೋಟು, ಪ್ಯಾಂಟಿನ ಜೋಡಿಗೇ ಕೈ ಹಾಕುತ್ತಾರೆ. ಬೈಕಿನಲ್ಲಿ ಕೂತಿರುವುದು, ಸೈಕಲ್ಲಿನಲ್ಲಿ ತುಳಿಯುವುದು. ಏರು ಮುಗಿಯುವಾಗ ಆ ಪ್ಲಾಸ್ಟಿಕ್ಕಿನ ಒಳಗೆ ಬೆವರಿನ ಮಳೆ. ಕೆಳಗಿಂದ ಗಾಳಿ ಬರುವ, ಹ್ಯಾಂಡಲಿನ ಮೇಲೂ ಹರಡುವ ಪೊಂಚೊ ನೆತ್ತಿಗೆ ಬೀಳುವ ಮಳೆಗೆ ಒಳ್ಳೆಯದು. ಆದರೆ ಕಡಲಬದಿಯ ಗಾಳಿಗೆ ಹಾಯಿಯ ಹಾಗೆ ಉಬ್ಬಿ ಸೈಕಲನ್ನೇ ಎಳೆಯುತ್ತದೆ. ಕುಂಬಳೆ, ಮೊಗ್ರಾಲ್ ಕಡೆ ಹೋಗುವವರಿಗೆ ನಾನು ಹೇಳುವುದು ಬೇರೆ: ಸೊಂಟದವರೆಗಿನ ಹಗುರ ಕೋಟು ಒಂದು, ನೀರು ಹೋಗದ ಚೀಲ ಒಂದು. ಮೈ ನೆನೆದರೆ ನೆನೆಯಲಿ, ಬದಲಿಸುವ ಬಟ್ಟೆ ಒಣಗಿರಬೇಕು. ಚೀಲದ ಬಾಯಿಗೆ ಜಿಪ್ ಇರುವುದಕ್ಕಿಂತ, ಮೂರು ಸುತ್ತು ಮಡಚಿ ಕೊಕ್ಕೆ ಹಾಕುವಂಥದ್ದು ನೀರನ್ನು ಚೆನ್ನಾಗಿ ತಡೆಯುತ್ತದೆ. ಕ್ಯಾರಿಯರಿಗೆ ಕಟ್ಟಲು ಬೇರೆ ಬೆಲ್ಟ್ ಕೊಳ್ಳಬೇಡಿ, ಹಳೇ ಟ್ಯೂಬಿನ ತುಂಡಿನಷ್ಟು ಗಟ್ಟಿ ಯಾವುದೂ ಇಲ್ಲ.

ಗೇರ್ ಸೈಕಲ್ಲಿಗೆ ಮಡ್‌ಗಾರ್ಡ್ ಇಲ್ಲದಿದ್ದರೆ ಕೋಟು ಕೊಡುವುದೂ ದಂಡ. ಹಿಂದಿನ ಚಕ್ರ ಬೆನ್ನಿನ ಮೇಲೆ ನೇರ ಕೆಂಪು ಗೆರೆ ಎಳೆಯುತ್ತದೆ. ಬಿಳಿ ಅಂಗಿಗೆ ಹಿಡಿದ ಮುರಕಲ್ಲಿನ ಕಲೆ ಹೋಗುತ್ತದೆಯೇ ಎಂದು ಅಮ್ಮನನ್ನು ಕೇಳಿ ನೋಡಿ. ಚಕ್ರವನ್ನು ಪೂರ್ತಿ ಸುತ್ತುವ ಮಡ್‌ಗಾರ್ಡೇ ಬೇಕು.

ಚೈನಿಗೆ ತೆಂಗಿನೆಣ್ಣೆ ಬೇಡ

ನಮ್ಮಲ್ಲಿ ತಲೆಗೂ ಅದೇ, ಪಲ್ಯಕ್ಕೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಚೈನಿಗೆ ಮಾತ್ರ ಬೇಡ. ಧೂಳು ಹಿಡಿದು ಅಂಟಾಗುತ್ತದೆ. ಸೈಕಲ್ ಚೈನಿಗೆಂದೇ ಸಿಗುವ ಎಣ್ಣೆಯಲ್ಲಿ ‘ವೆಟ್’ ಎಂದು ಬರೆದದ್ದನ್ನು ಆರಿಸಿ. ಅದು ಮಳೆಗೆ ಬೇಗ ತೊಳೆದು ಹೋಗುವುದಿಲ್ಲ. ಜೊತೆಗೆ ಒಂದು ಹಳೇ ಬೈರಾಸು. ಚೈನ್ ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದದ್ದನ್ನು ಒರೆಸಿ ತೆಗೆಯಬೇಕು. ಒಳಗೆ ಹೋದ ಎಣ್ಣೆಗೆ ಮಾತ್ರ ಕೆಲಸ, ಹೊರಗಿನದ್ದಕ್ಕೆ ಮಣ್ಣು ಅಂಟುತ್ತದೆ.

ಲೈಟು

ಮುಂದೆ ಬಿಳಿ, ಹಿಂದೆ ಕೆಂಪು. ಡಬ್ಬಿಯ ಮೇಲೆ ಐಪಿಎಕ್ಸ್4 ಎಂದಿದ್ದರೆ ಎರಚುವ ನೀರನ್ನು ತಡೆಯುತ್ತದೆ. ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಆಗುತ್ತದೆ. ಚಾರ್ಜ್ ಮಾಡುವ ತೂತಿಗೆ ರಬ್ಬರ್ ಮುಚ್ಚಳ ಗಟ್ಟಿಯಾಗಿದೆಯೇ ನೋಡಿ. ಅಡಿಕೆ ತೋಟದ ನಡುವಿನ ದಾರಿಯಲ್ಲಿ ಸಂಜೆ ಆರೂವರೆಗೇ ಕತ್ತಲು, ಹಾಗಾಗಿ ಮಿಣುಕುವ ಲೈಟಿಗಿಂತ ಒಂದೇ ಸಮ ಉರಿಯುವುದರಲ್ಲಿ ಗುಂಡಿ ಚೆನ್ನಾಗಿ ಕಾಣುತ್ತದೆ.

ಕೇಳದೆ ಕೊಡಬಾರದ್ದು

ಸೀಟು. ಮೆತ್ತಗಿದ್ದರೆ ಸುಖ ಎಂದು ನಮಗನಿಸುತ್ತದೆ, ಕೂರುವವರಿಗೆ ಹಾಗಲ್ಲ. ಅದು ಚಪ್ಪಲಿಯ ಹಾಗೆ, ಅವರವರೇ ನೋಡಿ ಕೊಳ್ಳಬೇಕು.

ಹೆಲ್ಮೆಟ್ ಒಳ್ಳೆಯ ಉಡುಗೊರೆ, ಆದರೆ ಅಳತೆ ಬೇಕು. ಹುಬ್ಬಿನ ಮೇಲೆ ತಲೆಯ ಸುತ್ತ ನೂಲು ಹಿಡಿದು ಸೆಂಟಿಮೀಟರಿನಲ್ಲಿ ಅಳೆಯಿರಿ. ಸುರಕ್ಷತೆಯ ಪರೀಕ್ಷೆ ಆಗಿದೆ ಎನ್ನುವ ಇಎನ್ 1078 (ಯುರೋಪಿನದ್ದು) ಅಥವಾ ಸಿಪಿಎಸ್‌ಸಿ (ಅಮೆರಿಕದ್ದು) ಗುರುತು ಇರಲಿ. ಹಾಕಿದಾಗ ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು. ಬೇರೆಯವರು ಬಳಸಿದ್ದು ಬೇಡ. ಒಳಗಿನ ಫೋಮ್ ಒಮ್ಮೆ ಪೆಟ್ಟು ತಿಂದು ಅಮುಕಿದರೆ ಮತ್ತೆ ಏಳುವುದಿಲ್ಲ, ಹೊರಗಿಂದ ನೋಡಿದರೆ ಗೊತ್ತೂ ಆಗುವುದಿಲ್ಲ.

ಏನೂ ತೋಚದಿದ್ದರೆ

ಅವರು ಯಾವಾಗಲೂ ಹೋಗುವ ರಿಪೇರಿ ಅಂಗಡಿಗೆ ಹೋಗಿ ಮುಂಚಿತವಾಗಿ ಹಣ ಕೊಟ್ಟು ಬನ್ನಿ. ಸೈಕಲ್ ಪೂರ್ತಿ ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ಜೋಡಿಸುವುದಕ್ಕೆ ನಮ್ಮ ಕಡೆ ‘ಓವರ್ ಆಯಿಲಿಂಗ್’ ಎನ್ನುತ್ತಾರೆ. ಓವರ್‌ಹಾಲಿಂಗ್ ಎಂಬುದು ಹೀಗಾದದ್ದು, ಎಣ್ಣೆಯೂ ಸೇರಿತು, ಅರ್ಥವೂ ಕೆಡಲಿಲ್ಲ! ಈ ಸಲ ನಾನು ಮಾಡಿದ್ದು ಇದನ್ನೇ. ಭಾನುವಾರ ಬೆಳಿಗ್ಗೆ ಸೈಕಲ್ ಅಂಗಡಿಯಲ್ಲಿ ಬಿಟ್ಟೆವು. ಸಂಜೆ ತರಲು ಹೋದಾಗ ಭಾವ ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸಿದರು, ಕಿವಿ ಹತ್ತಿರ ಹಿಡಿದರು. ಮನೆಗೆ ಬರುವ ದಾರಿಯಲ್ಲಿ, “ಆ ಪಂಪ್ ತೆಗೆದುಕೊಂಡು ಹೋಗು, ನಿನ್ನ ಮಗನ ಗೇರ್ ಸೈಕಲ್ಲಿಗೆ ಆದೀತು” ಎಂದರು.