ಹೊಲಿದರೂ ನಿಲ್ಲದ ಭುಜ

ಮೂಡಿಗೆರೆ ಕಡೆಯ ಆ ಹುಡುಗನ ಬಲಭುಜ ಮೊದಲು ತಪ್ಪಿದ್ದು ಕಬಡ್ಡಿ ಆಡುವಾಗ, 19ನೇ ವಯಸ್ಸಿನಲ್ಲಿ. ಚಿಕ್ಕಮಗಳೂರಿಗೆ ನನ್ನ ಬಳಿ ಬರುವ ಹೊತ್ತಿಗೆ ಎಷ್ಟು ಸಲ ಎಂಬ ಲೆಕ್ಕವೇ ಅವನಿಗೆ ತಪ್ಪಿತ್ತು. ಸಿಲ್ವರ್ ಓಕ್ ಮರಕ್ಕೆ ಏಣಿ ಇಟ್ಟು ಹತ್ತಿ, ಕಾಳುಮೆಣಸಿಗೆ ಕೈ ಮೇಲೆತ್ತಿ ಚಾಚಿದರೆ ಸಾಕು, ಕೀಲು ಕಳಚಿಕೊಳ್ಳುತ್ತಿತ್ತು. ಒಮ್ಮೆ ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗಲೂ ಜಾರಿತ್ತಂತೆ.

ಕೀಲಿನ ಬಟ್ಟಲಿನ ಮುಂದಂಚಿಗೆ ತುಟಿಯಂತೆ ಅಂಟಿರುವ ಲೇಬ್ರಮ್ ಹರಿದಿರುವುದು ಎಂಆರ್‌ಐಯಲ್ಲಿ ಕಂಡಿತು. ಲಂಡನ್ನಿನ ಶಸ್ತ್ರವೈದ್ಯ ಬ್ಯಾಂಕಾರ್ಟ್ 1923ರಲ್ಲಿ ವಿವರಿಸಿದ ಗಾಯವೇ ಅದು. ಸಣ್ಣ ರಂಧ್ರಗಳ ಮೂಲಕ ಮೂಳೆಯಲ್ಲಿ ಮೂರು ಆಂಕರ್, ಅಂದರೆ ದಾರ ಹಿಡಿದಿಡುವ ಪುಟ್ಟ ಮೊಳೆ, ಕೂರಿಸಿ ಹೊಲಿದೆ. ಹೊಲಿಗೆ ಬಹಳ ಅಂದವಾಗಿತ್ತು, ಪರದೆಯ ಮೇಲೆ ನೋಡಿ ನಾನೇ ಬೀಗಿದ್ದೆ. ಎರಡು ವರ್ಷ ತುಂಬುವ ಮೊದಲೇ ಅವನು ಆ ಕೈಯನ್ನು ಇನ್ನೊಂದು ಕೈಯಲ್ಲಿ ಆತುಕೊಂಡು ಬಾಗಿಲಲ್ಲಿ ನಿಂತಿದ್ದ.

ಮೂಳೆ ಎಷ್ಟು ಉಳಿದಿದೆ ಎಂದು ತೋರಿಸುವ ಸಿ.ಟಿ. ಸ್ಕ್ಯಾನ್ ಮಾಡಿಸದೆ ಕೈ ಹಾಕಿದ್ದು ನನ್ನ ತಪ್ಪು. ಭುಜ ಮತ್ತೆ ಮತ್ತೆ ಜಾರಿದಂತೆ ಬಟ್ಟಲಿನ ಅಂಚು ಸವೆಯುತ್ತದೆ. ಅವನ ಬಟ್ಟಲಿನ ಅಗಲದಲ್ಲಿ ಕಾಲು ಭಾಗವೇ ಸವೆದು ಹೋಗಿತ್ತು. ಮೂಳೆ ಹೀಗೆ ಹೋಗಿದ್ದವರಲ್ಲಿ ಹೊಲಿಗೆಯ ನಂತರವೂ ನೂರಕ್ಕೆ 67 ಭುಜಗಳು ಮತ್ತೆ ತಪ್ಪಿದವು, ಇಲ್ಲದವರಲ್ಲಿ 4 ಮಾತ್ರ ಎಂದು ಶಸ್ತ್ರವೈದ್ಯರಾದ ಬರ್ಕಾರ್ಟ್ ಮತ್ತು ಡಿ ಬೀರ್ 2000ದಲ್ಲೇ ಬರೆದಿದ್ದರು. ಓದಿದ್ದೆ ಕೂಡ.

ಎರಡನೆಯ ಸಲ ಫ್ರಾನ್ಸಿನ ಶಸ್ತ್ರವೈದ್ಯ ಲಟಾರ್ಜೆ 1954ರಲ್ಲಿ ತೋರಿಸಿದ ದಾರಿ ಹಿಡಿದೆ. ಭುಜದ ಮುಂದಿರುವ ಕೊಕ್ಕಿನಂಥ ಮೂಳೆಯನ್ನು ಅದಕ್ಕಂಟಿದ ಸ್ನಾಯುರಜ್ಜು ಸಮೇತ ಕತ್ತರಿಸಿ, ಸವೆದ ಅಂಚಿಗೆ ಎರಡು ಸ್ಕ್ರೂಗಳಿಂದ ಬಿಗಿಯುವುದು. ಕೈ ಎತ್ತಿದಾಗ ಆ ರಜ್ಜು ಜೋಲಿಯಂತೆ ಅಡ್ಡ ನಿಂತು, ಬಟ್ಟಲಿನಲ್ಲಿ ಕೂರುವ ತೋಳುಮೂಳೆಯ ಚೆಂಡನ್ನು ತಡೆಯುತ್ತದೆ. ಬೆವರು ಇಳಿಸುವುದು ಮೂಳೆಯನ್ನು ಕೂರಿಸುವ ಗಳಿಗೆ. ಅಂಚಿನಿಂದ ಹೊರಚಾಚಿದರೆ ಚೆಂಡಿಗೆ ಉಜ್ಜಿ ಕೀಲು ಬೇಗ ಸವೆಯುತ್ತದೆ, ತೀರಾ ಒಳಗೆ ಸರಿದರೆ ಇದ್ದೂ ಇಲ್ಲದಂತೆ. ಕೈಗೆ ಹೋಗುವ ನರವೂ ಪಕ್ಕದಲ್ಲೇ ಇರುತ್ತದೆ. ಉಳಿದದ್ದು ಕೆಲವು ವಾರ ಕೈಗೆ ಜೋಳಿಗೆ, ಆರು ತಿಂಗಳು ವ್ಯಾಯಾಮ.

ಹತ್ತು ವರ್ಷಗಳ ಬಳಿಕ ತಾಯಿಯ ಮಂಡಿನೋವಿಗೆಂದು ಬಂದಿದ್ದ. "ಕೈ ಎತ್ತಪ್ಪ, ನೋಡೋಣ" ಎಂದೆ. ಒಮ್ಮೆಯೂ ಜಾರಿಲ್ಲ. ಹೊರಕ್ಕೆ ತಿರುಗಿಸಿದಾಗ ಮಾತ್ರ ಎಡಗೈಗಿಂತ ಹತ್ತು ಡಿಗ್ರಿ ಕಡಿಮೆ. ಎಕ್ಸ್‌ರೇಯಲ್ಲಿ ಕೀಲಿನ ಕೆಳಗೆ ಸಣ್ಣ ಮೂಳೆಮೊಳಕೆ, ಸವೆತದ ಗುರುತು. ಅದು ಹಳೆಯ ಜಾರುವಿಕೆಯ ಫಲವೋ ನನ್ನ ಕತ್ತಿಯದೋ, ಬಿಡಿಸಿ ಹೇಳಲಾರೆ.

"ಮೆಣಸು ಕೊಯ್ಯುತ್ತೀಯಾ?" ಎಂದು ಕೇಳಿದೆ.

"ಕೊಯ್ಯುತ್ತೇನೆ ಡಾಕ್ಟರೇ. ಆದರೆ ಎಡಗೈಯಲ್ಲಿ. ಬಲಗೈಯಲ್ಲಿ ಏಣಿ ಹಿಡಿದುಕೊಳ್ಳುತ್ತೇನೆ."