ಆವರ್ತ ಕೋಷ್ಟಕ: ಉರು ಹೊಡೆಯಬೇಡಿ, ಚೀಟಿ ಜೋಡಿಸಿ

ಹೈಡ್ರೋಜನ್, ಹೀಲಿಯಂ, ಲಿಥಿಯಂ ಎಂದು ಮಕ್ಕಳು ಆವರ್ತ ಕೋಷ್ಟಕವನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಅಂಕಕ್ಕೆ ಅದು ಸಾಕಾಗಬಹುದು, ಅರ್ಥವಾಗುವುದಕ್ಕೆ ಸಾಲದು. ಕೋಷ್ಟಕವನ್ನು ಮುಖ್ಯವಾಗಿ ಓದಬೇಕಾದದ್ದು ಮೇಲಿನಿಂದ ಕೆಳಕ್ಕೆ. ಒಂದೇ ಕಂಬಸಾಲಿನ, ಅಂದರೆ ಒಂದೇ ಗುಂಪಿನ ಧಾತುಗಳು ಹೆಚ್ಚುಕಡಿಮೆ ಒಂದೇ ರೀತಿ ವರ್ತಿಸುತ್ತವೆ. ಹಾಸನ, ಚಿಕ್ಕಮಗಳೂರಿನ ಮನೆಗಳಲ್ಲಿ ಇದನ್ನು ಕಲಿಯಲು ಪ್ರಯೋಗಾಲಯ ಬೇಕಿಲ್ಲ. ಗೊಬ್ಬರದ ಚೀಲ, ಉಪ್ಪಿನ ಪೊಟ್ಟಣ ಎದುರಿಗಿದ್ದರೆ ಸಾಕು.

ಬೇಕಾಗುವ ಸಾಮಾನು

71 ಸೆಂ.ಮೀ. ಉದ್ದ, 56 ಸೆಂ.ಮೀ. ಅಗಲದ ಒಂದು ಚಾರ್ಟ್ ಹಾಳೆ, ಚೀಟಿ ಕತ್ತರಿಸಲು ದಪ್ಪ ಕಾಗದ, ಪೆನ್ಸಿಲ್, ಅಂಟು. ಪ್ರತಿ ಚೀಟಿ 3.5 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರ ಇರಲಿ. 18 ಕಂಬಸಾಲಿಗೆ 63 ಸೆಂ.ಮೀ. ಬೇಕು. 7 ಅಡ್ಡಸಾಲಿಗೆ 28 ಸೆಂ.ಮೀ., ಕೆಳಗೆ ಬಿಡಿಯಾಗಿ ಬರುವ ಎರಡು ಸಾಲಿಗೆ ಇನ್ನೂ 8 ಸೆಂ.ಮೀ. ಇದಕ್ಕಿಂತ ದೊಡ್ಡ ಚೀಟಿ ಮಾಡಿದರೆ ಬಲತುದಿಯ ಗುಂಪುಗಳಿಗೆ ಜಾಗವೇ ಉಳಿಯುವುದಿಲ್ಲ.

ಮೊದಲ 20 ಚೀಟಿ

ಹೈಡ್ರೋಜನ್‌ನಿಂದ ಕ್ಯಾಲ್ಸಿಯಂವರೆಗೆ 20 ಚೀಟಿ ಬರೆಯಿರಿ. ಮೇಲೆ ಎಡಮೂಲೆಯಲ್ಲಿ ಪರಮಾಣು ಸಂಖ್ಯೆ (ಪ್ರೋಟಾನುಗಳ ಎಣಿಕೆ; ಎಲೆಕ್ಟ್ರಾನುಗಳೂ ಅಷ್ಟೇ), ನಡುವೆ ಹೆಸರು ಮತ್ತು ಸಂಕೇತ, ಕೆಳಗೆ ಪರಮಾಣು ರಾಶಿ. ಬಲ ಅಂಚಿನಲ್ಲಿ ಹೊರಕವಚದ (ಎಲೆಕ್ಟ್ರಾನುಗಳಿರುವ ಕೊನೆಯ ಪದರದ) ಎಲೆಕ್ಟ್ರಾನುಗಳಷ್ಟು ಚುಕ್ಕಿ ಇಡಿ. ಮೊದಲ ಕವಚದಲ್ಲಿ 2, ಎರಡನೆಯದರಲ್ಲಿ 8, ಮೂರನೆಯದರಲ್ಲಿ 8 ಎಲೆಕ್ಟ್ರಾನು ತುಂಬಿದ ಮೇಲೆ ಹೊಸ ಕವಚ ಶುರು ಎಂಬ ಲೆಕ್ಕ ಈ 20 ಧಾತುಗಳಿಗೆ ಸಾಕು. ಸೋಡಿಯಂಗೆ 2, 8, 1. ಹಾಗಾಗಿ ಒಂದೇ ಚುಕ್ಕಿ. ಕ್ಲೋರಿನ್‌ಗೆ 2, 8, 7. ಏಳು ಚುಕ್ಕಿ.

ಈಗ ಪರಮಾಣು ಸಂಖ್ಯೆಯ ಕ್ರಮದಲ್ಲಿ ಇಡುತ್ತಾ ಹೋಗಿ. ಹೊಸ ಕವಚ ಶುರುವಾದಾಗ ಹೊಸ ಅಡ್ಡಸಾಲು. ಒಂದು ಚುಕ್ಕಿಯವು 1ನೇ ಗುಂಪಿಗೆ, ಎರಡು ಚುಕ್ಕಿಯವು 2ಕ್ಕೆ. ಮೂರು ಚುಕ್ಕಿಯಿಂದ ಮುಂದೆ 10 ಕೂಡಿಸಿ: ಬೋರಾನ್ 13ಕ್ಕೆ, ಕಾರ್ಬನ್ 14ಕ್ಕೆ, ಕ್ಲೋರಿನ್ 17ಕ್ಕೆ. ನಡುವಿನ 10 ಮನೆ ಖಾಲಿ ಇರಲಿ. 20 ಚೀಟಿಯೂ ಸರಿ ಎಂದು ಖಾತ್ರಿಯಾಗುವವರೆಗೆ ಅಂಟು ಮುಟ್ಟಬೇಡಿ. ಅಂಟಿಸುವಾಗಲೂ ಮೇಲಂಚಿಗೆ ಮಾತ್ರ ಹಚ್ಚಿ.

ಹೀಲಿಯಂ ಹೆಚ್ಚಿನವರನ್ನು ಮೋಸಗೊಳಿಸುತ್ತದೆ. ಚುಕ್ಕಿ ಎರಡು ಎಂದು ಅದನ್ನು ಬೆರಿಲಿಯಂ ಮೇಲಿಡುತ್ತಾರೆ. ಆದರೆ ಅದರ ಒಂದೇ ಕವಚಕ್ಕೆ ಎರಡೇ ಮಿತಿ, ಅದು ತುಂಬಿದೆ. ಕೊಡುವ, ಪಡೆಯುವ ವ್ಯವಹಾರವೇ ಇಲ್ಲದ ಕಾರಣ ಅದರ ಜಾಗ ನಿಯಾನ್, ಆರ್ಗಾನ್ ಇರುವ 18ನೇ ಗುಂಪು. ಇನ್ನೊಂದು ತಪ್ಪು ಪರಮಾಣು ರಾಶಿ ನೋಡಿ ಜೋಡಿಸುವುದು. ಆರ್ಗಾನ್ 39.95, ಪೊಟ್ಯಾಸಿಯಂ 39.10. ರಾಶಿ ನೋಡಿದರೆ ಪೊಟ್ಯಾಸಿಯಂ ಮೊದಲು ಬಂದು ಜಡ ಅನಿಲಗಳ ಕೆಳಗೆ ಕೂರುತ್ತದೆ. ನೀರು ತಾಗಿದರೆ ಉರಿದೇಳುವ ಲೋಹಕ್ಕೆ ಆ ಜಾಗ ಹೇಗೆ ಸರಿಯಾದೀತು? 1913ರಲ್ಲಿ ಇಂಗ್ಲೆಂಡಿನ ಮೋಸ್ಲಿ ಕ್ಷ-ಕಿರಣಗಳ ಅಧ್ಯಯನದಿಂದ, ಕ್ರಮ ನಿರ್ಧರಿಸುವುದು ಪರಮಾಣು ಸಂಖ್ಯೆ ಎಂದು ತೋರಿಸಿದ ಮೇಲೆ ಈ ಗೊಂದಲ ತೀರಿತು.

ಖಾಲಿ ಮನೆಗೆ ಹೆದರಬೇಡಿ. 1869ರಲ್ಲಿ ರಷ್ಯಾದ ಮೆಂಡಲೀವ್ ಆಗ ಗೊತ್ತಿದ್ದ 63 ಧಾತುಗಳನ್ನು ಜೋಡಿಸುವಾಗ ಗುಣ ಹೊಂದದ ಕಡೆ ಜಾಗ ಬಿಟ್ಟೇ ಮುಂದೆ ಹೋದ. ಸಿಲಿಕಾನ್ ಕೆಳಗೆ ಬರಬೇಕಾದ ಧಾತುವಿನ ರಾಶಿ ಸುಮಾರು 72 ಇರುತ್ತದೆ ಎಂದ. 1886ರಲ್ಲಿ ಸಿಕ್ಕ ಜರ್ಮೇನಿಯಂನ ರಾಶಿ 72.6. ಕಾಣದ ವಸ್ತುವಿನ ಗುಣವನ್ನು ಕಂಬಸಾಲು ನೋಡಿ ಹೇಳಿದ್ದು ವಿಜ್ಞಾನದ ಅತಿ ಸುಂದರ ಘಟನೆಗಳಲ್ಲಿ ಒಂದು. ಹಾಸನದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ನಿಯಂತ್ರಿಸುವಂಥ ಉಪಗ್ರಹಗಳ ಸೌರಫಲಕಗಳಲ್ಲಿ ಈಗ ಸಿಲಿಕಾನ್ ಕೋಶಗಳಿಗಿಂತ ಹೆಚ್ಚು ವಿದ್ಯುತ್ ಕೊಡುವ, ಜರ್ಮೇನಿಯಂ ಬಿಲ್ಲೆಯ ಮೇಲೆ ಬೆಳೆಸಿದ ಕೋಶಗಳೂ ಬಳಕೆಯಲ್ಲಿವೆ.

ಮನೆಯ ವಸ್ತು, ಕೋಷ್ಟಕದ ಮನೆ

ಅಯೋಡಿನ್ ಉಪ್ಪಿನ ಪೊಟ್ಟಣ ತನ್ನಿ. ಸೋಡಿಯಂ ಕ್ಲೋರೈಡ್, ಜೊತೆಗೆ ಚೂರು ಪೊಟ್ಯಾಸಿಯಂ ಅಯೋಡೇಟ್. ಸೋಡಿಯಂ, ಪೊಟ್ಯಾಸಿಯಂ ಎರಡೂ 1ನೇ ಗುಂಪು. ಕ್ಲೋರಿನ್, ಅಯೋಡಿನ್ 17ನೇ ಗುಂಪು. ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಎಂಓಪಿ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಉಪ್ಪಿನಲ್ಲಿ ಸೋಡಿಯಂ ಇದ್ದ ಜಾಗಕ್ಕೆ ಅದರ ಕೆಳಗಿನ ಮನೆಯ ಪೊಟ್ಯಾಸಿಯಂ ಬಂದಿದೆ, ಅಷ್ಟೆ.

ಮಲೆನಾಡಿನ ಹುಳಿ ಮಣ್ಣಿಗೆ ಕಾಫಿ ಬೆಳೆಗಾರರು ಸುಣ್ಣ ಅಥವಾ ಡೋಲೊಮೈಟ್ ಹಾಕುತ್ತಾರೆ. ಡೋಲೊಮೈಟ್ ಎಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡರ ಕಾರ್ಬೊನೇಟ್. ಎರಡಕ್ಕೂ ಎರಡೆರಡು ಚುಕ್ಕಿ, ಎರಡೂ 2ನೇ ಗುಂಪು. ಹೀಗಾಗಿಯೇ ಅವೆರಡೂ ಒಂದೇ ಹರಳಿನಲ್ಲಿ ಅಕ್ಕಪಕ್ಕ ಕೂರಬಲ್ಲವು, ಹುಳಿ ತಗ್ಗಿಸುವ ಕೆಲಸವನ್ನೂ ಒಂದೇ ರೀತಿ ಮಾಡುತ್ತವೆ.

ನಡುವಿನ ಹತ್ತು ಮನೆ

ಕ್ಯಾಲ್ಸಿಯಂ ಆದ ಮೇಲೆ ಸ್ಕ್ಯಾಂಡಿಯಂ ಅನ್ನು ಅಲ್ಯೂಮಿನಿಯಂ ಕೆಳಗೆ ಇಡುವುದು ಸಾಮಾನ್ಯ ತಪ್ಪು. ಅಲ್ಲಿಗೆ ಬರಬೇಕಾದದ್ದು 31ರ ಗ್ಯಾಲಿಯಂ. 21ರಿಂದ 30ರವರೆಗಿನವು ಖಾಲಿ ಬಿಟ್ಟ ಹತ್ತು ಮನೆಗೆ. ಈ ಲೋಹಗಳಲ್ಲಿ ಹೊಸ ಎಲೆಕ್ಟ್ರಾನುಗಳು ಒಳಕವಚಕ್ಕೆ ಸೇರುವುದರಿಂದ ಚುಕ್ಕಿಯ ಲೆಕ್ಕ ನಡೆಯುವುದಿಲ್ಲ, ವೇಲೆನ್ಸಿಯೂ (ಬೇರೆ ಧಾತುವಿನೊಡನೆ ಕೂಡುವಾಗ ಬಳಸುವ ಎಲೆಕ್ಟ್ರಾನುಗಳ ಸಂಖ್ಯೆ) ಬದಲಾಗುತ್ತದೆ. ಹಾಸನ ಜಿಲ್ಲೆಯ ಬೈರಾಪುರದ ಕ್ರೋಮೈಟ್ ಅದಿರಿನಲ್ಲಿ ಕಬ್ಬಿಣದ ವೇಲೆನ್ಸಿ 2, ಕ್ರೋಮಿಯಂನದು 3. ಕುದುರೆಮುಖದ ಮ್ಯಾಗ್ನೆಟೈಟ್‌ನಲ್ಲಿ ಅದೇ ಕಬ್ಬಿಣ 2 ಮತ್ತು 3 ಎರಡೂ ರೂಪದಲ್ಲಿದೆ.

ಇಲ್ಲಿ ಕೋಷ್ಟಕದ ಮಿತಿಯನ್ನೂ ತಿಳಿಯಬೇಕು. ತೋಟಕ್ಕೆ ಶಿಲೀಂಧ್ರ ರೋಗ ಬಾರದಂತೆ ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ತಾಮ್ರ ಕರಗಿದ ಸ್ಥಿತಿಯಲ್ಲೇ ಉಳಿದು ಎಲೆ ಸುಡುತ್ತದೆ. ಪರೀಕ್ಷೆಗೆ ಉಜ್ಜಿ ತೊಳೆದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಅದು ತಾಮ್ರ. ಲೇಪ ಕಾಣದಷ್ಟಾಗುವವರೆಗೆ ಸುಣ್ಣದ ತಿಳಿ ಸೇರಿಸಬೇಕು. 26ರ ಕಬ್ಬಿಣ ಎಲೆಕ್ಟ್ರಾನು ಕೊಟ್ಟು ಕರಗಿ, 29ರ ತಾಮ್ರವನ್ನು ದ್ರಾವಣದಿಂದ ಹೊರಗೆ ಹಾಕುತ್ತದೆ. ಇದು ಕೋಷ್ಟಕದ ಸ್ಥಾನ ನೋಡಿ ತಿಳಿಯುವ ಸಂಗತಿಯಲ್ಲ. ಲೋಹಗಳ ಕ್ರಿಯಾಶೀಲತೆಯ ಸರಣಿಯನ್ನು ಬೇರೆಯಾಗಿಯೇ ಕಲಿಯಬೇಕು. ಬೋರ್ಡೋ ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದು ಎನ್ನುವುದೂ ಇದೇ ಕಾರಣಕ್ಕೆ.

ಉಳಿದದ್ದು

57ರಿಂದ 71, 89ರಿಂದ 103 ಸಂಖ್ಯೆಯವನ್ನು ಕೆಳಗೆ ಎರಡು ಸಾಲಾಗಿ ಅಂಟಿಸಿ. ಅವನ್ನು ಒಳಗೇ ಸೇರಿಸಿದರೆ ಕಂಬಸಾಲು 32 ಆಗಿ ನಿಮ್ಮ ಚೀಟಿಯ ಅಳತೆಗೆ 112 ಸೆಂ.ಮೀ. ಹಾಳೆ ಬೇಕಾಗುತ್ತದೆ. ಅಚ್ಚಾದ ಚಾರ್ಟ್ ಕೊಳ್ಳುವವರು 113, 115, 117, 118ನೇ ಮನೆಗಳನ್ನು ನೋಡಿ ಕೊಳ್ಳಿ. ನಿಹೋನಿಯಂ, ಮಾಸ್ಕೋವಿಯಂ, ಟೆನ್ನೆಸೀನ್, ಓಗನೆಸಾನ್ ಎಂಬ ಹೆಸರುಗಳು 2016ರ ನವೆಂಬರ್‌ನಲ್ಲಿ ಅಂತಿಮವಾದವು. ಅವು ಇಲ್ಲದಿದ್ದರೆ ಚಾರ್ಟ್ ಹಳೆಯದು.