ವಯಸ್ಸಾದ ಬೆಕ್ಕಿಗೆ ಮನೆ ಹುಡುಕಿದ್ದು: ಕಾರವಾರದಿಂದ ಶಿರಸಿಯವರೆಗೆ

ಮರಿ ಬೆಕ್ಕಿಗೆ ಮನೆ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಒಂದು ಫೋಟೋ ಹಾಕಿದರೆ ಸಂಜೆಯೊಳಗೆ ಯಾರಾದರೂ ಫೋನ್ ಮಾಡುತ್ತಾರೆ. ಹತ್ತು ವರ್ಷದ ಬೆಕ್ಕಿಗೆ ಹಾಗಾಗುವುದಿಲ್ಲ. ಕಾರವಾರದ ಸಣ್ಣದೊಂದು ಪ್ರಾಣಿ ಆಶ್ರಯದಲ್ಲಿ ನಾನು ರಜೆ ಸಿಕ್ಕಾಗೆಲ್ಲ ಕೆಲಸ ಮಾಡುತ್ತೇನೆ. ಬಂದವರು ಬಾಗಿಲಲ್ಲೇ ಕೇಳುವುದು "ಮರಿ ಇಲ್ವಾ?" ಅಂತ. ಒಳಗೆ ಸುಮ್ನೆ ಮಲಗಿರುವ ದೊಡ್ಡ ಬೆಕ್ಕುಗಳ ಕಡೆ ತಿರುಗಿ ಕೂಡ ನೋಡುವುದಿಲ್ಲ. ಅಂಥದ್ದೊಂದು ಬೆಕ್ಕು ಗೌರಿ. ಅವಳಿಗೆ ಮನೆ ಸಿಕ್ಕಿದ್ದು ಹೇಗೆ ಅಂತ ಬರೆಯುತ್ತೇನೆ. ಇನ್ಯಾರೋ ಇದೇ ಕೆಲಸಕ್ಕೆ ಕೈ ಹಾಕಿದ್ದರೆ ಉಪಯೋಗವಾಗಲಿ.

ಗೌರಿ ಕೋಡಿಬಾಗದ ಒಬ್ಬ ಅಜ್ಜಿಯ ಬೆಕ್ಕು. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ ಇರುವವಳು. ಈ ಬಣ್ಣದವು ಹೆಚ್ಚುಕಮ್ಮಿ ಎಲ್ಲವೂ ಹೆಣ್ಣೇ ಆಗಿರುತ್ತವೆ. ಅಜ್ಜಿ ತೀರಿಕೊಂಡರು, ಮಕ್ಕಳೆಲ್ಲ ಮುಂಬೈಯಲ್ಲಿ, ಮನೆಗೆ ಬೀಗ ಬಿತ್ತು. ಮೀನು ಪೇಟೆಯಲ್ಲಿ ಬಿಟ್ಟರೆ ಹೇಗೋ ಬದುಕಿಕೊಳ್ಳುತ್ತದೆ ಅಂತ ಅಕ್ಕಪಕ್ಕದವರು ಮಾತಾಡಿಕೊಂಡಿದ್ದರಂತೆ. ನಮ್ಮ ಕರಾವಳಿಯಲ್ಲಿ ಈ ಮಾತು ನನಗೆ ತೀರಾ ಬೇಸರ ತರಿಸುತ್ತದೆ. ಮೀನು ಪೇಟೆಯಲ್ಲಿ ಮೊದಲೇ ಜಾಗ ಹಿಡಿದು ಕೂತ ಗಡವ ಬೆಕ್ಕುಗಳಿರುತ್ತವೆ, ನಾಯಿಗಳಿರುತ್ತವೆ. ಜೀವಮಾನವೆಲ್ಲ ತಟ್ಟೆಯಲ್ಲಿ ಹಾಕಿದ್ದನ್ನು ತಿಂದ ಮುದಿ ಬೆಕ್ಕು ಅಲ್ಲಿ ಏನು ಮಾಡೀತು? ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧ ಇದ್ದಾಗ ಅಲ್ಲಿ ಬೆಳೆದ ಬೆಕ್ಕುಗಳೇ ಸೊರಗಿ ಹೋಗುತ್ತವೆ. ಹಸಿವು, ಬಾಯಾರಿಕೆಯಲ್ಲಿ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಪುಣ್ಯಕ್ಕೆ ಪಕ್ಕದ ಮನೆಯ ಹುಡುಗಿಯೊಬ್ಬಳು ಗೌರಿಯನ್ನು ಅಕ್ಕಿ ಚೀಲದಲ್ಲಿ ಹಾಕಿಕೊಂಡು ನಮ್ಮಲ್ಲಿಗೆ ತಂದಳು.

ನಾನು ಮೊದಲು ಫೋಟೋ ತೆಗೆಯಲು ಹೋಗಲಿಲ್ಲ. ಮೊದಲು ಡಾಕ್ಟರು. ವಯಸ್ಸಾದ ಬೆಕ್ಕನ್ನು ಜನ ಬೇಡ ಅನ್ನುವುದು ಅದರ ಮೇಲೆ ಪ್ರೀತಿ ಬಾರದೆ ಅಲ್ಲ, ಹೆದರಿಕೆಯಿಂದ. ಯಾವಾಗ ಕಾಯಿಲೆ ಬೀಳುತ್ತದೋ, ಎಷ್ಟು ಖರ್ಚಾಗುತ್ತದೋ, ತಂದು ನಾಲ್ಕು ದಿನಕ್ಕೆ ಸತ್ತು ಹೋದರೆ ಏನು ಅಂತ. ಈ ಹೆದರಿಕೆಗೆ ಉತ್ತರ ಕೈಯಲ್ಲಿರುವ ಕಾಗದ. ಹಲ್ಲು, ಕಣ್ಣಿನ ಪಾಪೆಯ ಅಂಚು, ಕಣ್ಣೊಳಗಿನ ತೆಳು ಮಂಜು ನೋಡಿ ಡಾಕ್ಟರು ಹತ್ತರ ಹತ್ತಿರ ವಯಸ್ಸು ಅಂದರು. ಮನುಷ್ಯರ ಲೆಕ್ಕದಲ್ಲಿ ಸುಮಾರು 56. ಮನೆಯೊಳಗೆ ಬೆಳೆದ ಬೆಕ್ಕು 15 ವರ್ಷ ದಾಟುವುದು ಅಪರೂಪವೇನಲ್ಲ, ಹಾಗಾಗಿ "ಇನ್ನೇನು ಮುಗಿಯಿತು" ಅನ್ನುವ ವಯಸ್ಸಲ್ಲ ಇದು.

ರಕ್ತ, ಮೂತ್ರ ಎರಡೂ ಪರೀಕ್ಷೆ ಮಾಡಿಸಿದೆವು. ಬರೀ ರಕ್ತ ಸಾಕು ಅಂತ ಬಿಟ್ಟುಬಿಡಬೇಡಿ. ಮುದಿ ಬೆಕ್ಕಿಗೆ ಜಾಸ್ತಿ ಕಾಡುವುದು ಕಿಡ್ನಿ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಲ್ಮಶ ರಕ್ತದಲ್ಲಿ ಏರುವ ಹೊತ್ತಿಗೆ ಕಿಡ್ನಿಯ ಶಕ್ತಿ ಮುಕ್ಕಾಲು ಪಾಲು ಹೋಗಿರುತ್ತದೆ. ಮೂತ್ರ ನೀರು ನೀರಾಗುವುದು ಅದಕ್ಕಿಂತ ಮೊದಲೇ ಗೊತ್ತಾಗುತ್ತದೆ. ಥೈರಾಯ್ಡ್, ಸಕ್ಕರೆ ನೋಡಿಸಿದೆವು, ಬೆಕ್ಕುಗಳಿಗೆ ಬರುವ ಎರಡು ವೈರಸ್‌ಗಳ ಪರೀಕ್ಷೆಯೂ ಆಯಿತು: ರೋಗ ತಡೆಯುವ ಶಕ್ತಿ ಕುಂದಿಸುವ ಎಫ್‌ಐವಿ ಮತ್ತು ಲ್ಯುಕೀಮಿಯಾ ವೈರಸ್. ಗೌರಿಗೆ ಕಿಡ್ನಿ ತೊಂದರೆ ಎರಡನೇ ಹಂತದಲ್ಲಿತ್ತು, ಒಟ್ಟು ನಾಲ್ಕು ಹಂತಗಳಲ್ಲಿ. ಉಳಿದಿದ್ದೆಲ್ಲ ಸರಿ ಇತ್ತು. ಜೊತೆಗೆ ಹಿಂದಿನ ದವಡೆ ಹಲ್ಲು ಕೊಳೆತಿತ್ತು. ತಲೆ ಓರೆ ಮಾಡಿ ಒಂದೇ ಕಡೆ ಅಗಿಯುತ್ತಿದ್ದಳು, ತುತ್ತು ಬಾಯಿಂದ ಜಾರಿ ಬೀಳುತ್ತಿತ್ತು. ಹಲ್ಲು ಕೀಳಿಸಿದ ಮೇಲೆ ತಿನ್ನುವುದು ಮಾತ್ರ ಅಲ್ಲ, ಗುಣವೇ ಬದಲಾಯಿತು. ಮುಟ್ಟಿದರೆ ಗುರ್ ಅನ್ನುತ್ತಿದ್ದವಳು ತಾನಾಗಿ ಬಂದು ಗದ್ದ ಮುಂದೆ ಮಾಡತೊಡಗಿದಳು. ಆಶ್ರಯಗಳಲ್ಲಿ "ಸಿಡುಕು ಬೆಕ್ಕು" ಅಂತ ಹೆಸರು ಪಡೆದವುಗಳಲ್ಲಿ ಎಷ್ಟಕ್ಕೋ ಇರುವುದು ನೋವು, ಅಲ್ವಾ?

ಆಮೇಲೆ ಫೋಟೋ. ಬೋನಿನ ಸರಳಿನ ಹಿಂದೆ ಕೂತ ಫೋಟೋ ಹಾಕಿದರೆ ನೋಡಿದವರು ಅಯ್ಯೋ ಪಾಪ ಅನ್ನುತ್ತಾರೆ, ಮನೆಗೆ ಕರೆದುಕೊಂಡು ಹೋಗುವುದಿಲ್ಲ. ನಾನು ಅವಳನ್ನು ನಮ್ಮ ಮನೆಗೆ ತಂದು ಇಟ್ಟುಕೊಂಡೆ. ಬೆಳಗಿನ ಬಿಸಿಲಿನಲ್ಲಿ ಕಿಟಕಿ ಪಕ್ಕ, ನೆಲಕ್ಕೆ ಮಲಗಿ ಅವಳ ಕಣ್ಣಿನ ಎತ್ತರದಲ್ಲಿ ತೆಗೆದೆ. ಬಾಚಣಿಗೆಯಿಂದ ಬಾಚಿಸಿಕೊಳ್ಳುವ ಒಂದು ಸಣ್ಣ ವಿಡಿಯೋ ಕೂಡ. ಮನೆಯಲ್ಲಿ ಇಟ್ಟುಕೊಂಡಿದ್ದರ ನಿಜವಾದ ಲಾಭ ಬೇರೆ. ಅವಳು ಹೇಗೆ ಬದುಕುತ್ತಾಳೆ ಅಂತ ಗೊತ್ತಾಯಿತು. ಹಾಗಾಗಿ ಹೀಗೆ ಬರೆಯಲು ಸಾಧ್ಯವಾಯಿತು:

"ಹೆಸರು ಗೌರಿ. ಮರಿ ಹಾಕದಂತೆ ಆಪರೇಷನ್ ಆಗಿದೆ. ಸುಮಾರು ಹತ್ತು ವರ್ಷ. ಬೆಳಿಗ್ಗೆ ಆರಕ್ಕೆ ಎಬ್ಬಿಸುತ್ತಾಳೆ. ಎತ್ತಿಕೊಂಡರೆ ಇಷ್ಟ ಇಲ್ಲ, ಪಕ್ಕದಲ್ಲಿ ಕೂರುವುದು ಇಷ್ಟ. ಗದ್ದದ ಕೆಳಗೆ ಕೆರೆದರೆ ಜೊಲ್ಲು ಸುರಿಸುತ್ತಾಳೆ. ನಾಯಿ ಕಂಡರೆ ಕಪಾಟಿನ ಮೇಲೆ ಹತ್ತಿ ಇಡೀ ದಿನ ಇಳಿಯುವುದಿಲ್ಲ. ಕಿಡ್ನಿ ತೊಂದರೆ ಶುರುವಾಗಿದೆ. ಸರಿಯಾದ ಆಹಾರ, ಬೇಕಾದಷ್ಟು ನೀರು, ಆರು ತಿಂಗಳಿಗೊಮ್ಮೆ ಪರೀಕ್ಷೆ ಬೇಕು. ಇಲಿ ಹಿಡಿಯುತ್ತಾಳೆ ಅಂತ ಹೇಳಲಾರೆ."

ಕಾಯಿಲೆಯ ವಿಷಯ ಬರೆದರೆ ಯಾರೂ ಫೋನ್ ಮಾಡುವುದಿಲ್ಲ ಅಂತ ಜೊತೆಯವರು ಹೇಳಿದರು. ಫೋನ್ ಕಡಿಮೆ ಬಂತು, ನಿಜ. ಆದರೆ ಬಂದವರು ಎಲ್ಲ ಓದಿಕೊಂಡು ಬಂದವರು. ನಮಗೆ ಬೇಕಿದ್ದದ್ದು ಒಂದೇ ಮನೆ. ಮುಚ್ಚಿಟ್ಟು ಕೊಟ್ಟರೆ ಬೆಕ್ಕು ವಾಪಸ್ ಬರುತ್ತದೆ, ಹಾಗೆ ವಾಪಸ್ ಬಂದ ಮುದಿ ಬೆಕ್ಕು ಊಟ ಬಿಟ್ಟು ಕೂರುತ್ತದೆ.

ಕಾರವಾರದಲ್ಲೇ ಎರಡು ಮನೆಯವರು ಆಸಕ್ತಿ ತೋರಿಸಿದರು. ಒಂದು ಮನೆ ಹೆದ್ದಾರಿ ಅಂಚಿನಲ್ಲೇ ಇತ್ತು, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡುವ ಲಾರಿಗಳನ್ನು ನೆನೆದು ಬೇಡ ಅಂದೆ. ಇನ್ನೊಂದರಲ್ಲಿ ನಾಯಿ. ಕೊನೆಗೆ ಫೋನ್ ಬಂದದ್ದು ಶಿರಸಿ ಹತ್ತಿರದ ಒಂದು ಹಳ್ಳಿಯಿಂದ. ನಿವೃತ್ತ ಮಾಸ್ತರರು, ಅವರ ಹೆಂಡತಿಯೂ ಟೀಚರಾಗಿದ್ದವರು, ಊರಿಗೆಲ್ಲ ಅಕ್ಕೋರು. ಅಡಿಕೆ ತೋಟದ ಮನೆ. ಅವರ ಹಳೆ ಬೆಕ್ಕು ಹೋಗಿ ವರ್ಷದ ಮೇಲಾಗಿತ್ತು. "ಮರಿ ಸಾಕೂ ವಯಸ್ಸಲ್ಲ ತಂಗಿ ನಮ್ದು, ಪರದೆ ಹತ್ತಿ ಕುಣಿಯೂದು ಆಗೂದಿಲ್ಲ" ಅಂದರು ಅಕ್ಕೋರು. ಅವರ ಮಾತು ಕೇಳಿಯೇ ನನಗೆ ಅರ್ಧ ಸಮಾಧಾನವಾಯಿತು. ದಿನವೆಲ್ಲ ಮನೆಯಲ್ಲಿರುವ, ಹೊತ್ತು ಹೊತ್ತಿಗೆ ಊಟ ಮಾಡಿ ಮಲಗುವ ಜನರೊಂದಿಗೆ ವಯಸ್ಸಾದ ಬೆಕ್ಕು ಚೆನ್ನಾಗಿ ಹೊಂದಿಕೊಳ್ಳುತ್ತದೆ.

ಬೆಕ್ಕನ್ನು ಕೊಡುವ ಮೊದಲು ಮನೆ ನೋಡಲೇಬೇಕು. ನಾನು ಬರಿಗೈಯಲ್ಲಿ ಹೋಗಿ ನೋಡಿ ಬಂದೆ. ಘಟ್ಟದ ಮೇಲಿನ ಮನೆಯಲ್ಲಿ ನೋಡಬೇಕಾದದ್ದೇ ಬೇರೆ. ಬಾವಿಗೆ ಕಟ್ಟೆ ಇತ್ತು, ಮೇಲೆ ಬಲೆ ಇರಲಿಲ್ಲ. ಮಾಸ್ತರರು ಮುಂದಿನ ವಾರವೇ ಹಾಕಿಸಿದರು. ಅಟ್ಟದಲ್ಲಿ ಇಲಿ ಪಾಷಾಣ ಇಟ್ಟಿದ್ದರು, ಅದನ್ನು ತೆಗೆಸಿದೆ. ಬೆಕ್ಕು ಪಾಷಾಣ ತಿನ್ನದಿದ್ದರೂ ಅದನ್ನು ತಿಂದ ಇಲಿಯನ್ನು ತಿನ್ನಬಹುದು. ಚಿರತೆ ಓಡಾಡುವ ಕಡೆ, ಹಾಗಾಗಿ ಕತ್ತಲಾಗುವ ಮುಂಚೆ ಒಳಗೆ ಸೇರಿಸಬೇಕು ಅಂತ ಮಾತಾಯಿತು. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ತೋಟಕ್ಕೆ ಬಿಡಲೇಬಾರದು. ಅದರಲ್ಲಿರುವ ಮೈಲುತುತ್ತ ಪಾದಕ್ಕೆ ಅಂಟಿದರೆ ಬೆಕ್ಕು ಅದನ್ನು ನೆಕ್ಕಿಯೇ ತೀರುತ್ತದೆ. ಬಚ್ಚಲ ಒಲೆಯನ್ನು ಕೂಡ ನೋಡಿದೆ. ಸಂಧಿ ನೋವಿರುವ ಬೆಕ್ಕುಗಳಿಗೆ ಬೆಚ್ಚಗಿನ ಬೂದಿ ಅಂದರೆ ಪ್ರಾಣ, ಒಲೆಯೊಳಗೇ ಹೋಗಿ ಮಲಗುತ್ತವೆ. ಬೆಳಿಗ್ಗೆ ಬೆಂಕಿ ಹಾಕುವ ಮೊದಲು ಒಲೆಯೊಳಗೆ ಬಗ್ಗಿ ನೋಡಿ ಅಂತ ಅಕ್ಕೋರಿಗೆ ಒತ್ತಿ ಹೇಳಿದೆ.

ಇನ್ನು ಊಟ. ಅಕ್ಕೋರು ಮೊದಲೇ ಕೇಳಿದ್ದರು, "ನಮ್ಮನೆಗೆ ಮೀನು ಬರೂದಿಲ್ಲ ತಂಗಿ, ಇದಕ್ಕೆ ಎಂತ ಹಾಕೂದು?" ಅವರ ಹಿಂದಿನ ಬೆಕ್ಕುಗಳೆಲ್ಲ ಹಾಲು ಅನ್ನ ತಿಂದು, ಉಳಿದದ್ದನ್ನು ತೋಟದಲ್ಲಿ ಇಲಿ ಹಿಡಿದು ತುಂಬಿಸಿಕೊಂಡಿದ್ದವು. ಗೌರಿ ಇಲಿ ಹಿಡಿಯುವ ಕಾಲ ಮುಗಿದಿದೆ. ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಬೇಕೇ ಬೇಕು, ಅದು ಸಿಗುವುದು ಮಾಂಸ ಮೀನಿನಲ್ಲಿ. ಅದಿಲ್ಲದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಈ ಹೃದಯದ ಸಂಬಂಧ ಅಮೆರಿಕದ ಸಂಶೋಧಕರಿಗೆ ಗೊತ್ತಾದದ್ದೇ 1987ರಲ್ಲಿ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಸರಿಯಾಗಿ ಜೀರ್ಣವೂ ಆಗುವುದಿಲ್ಲ. ಇದನ್ನೆಲ್ಲ ಹೇಳಿ, ಕಿಡ್ನಿ ತೊಂದರೆಯ ಬೆಕ್ಕಿಗೆ ಅಂತಲೇ ಸಿಗುವ ಪೊಟ್ಟಣದ ಆಹಾರ ತೋರಿಸಿದೆ. ಅಡುಗೆ ಮನೆಗೆ ತರಬೇಕಿಲ್ಲ, ಜಗಲಿಯ ಮೂಲೆಯಲ್ಲಿ ಬೇರೆ ತಟ್ಟೆ, ಬೇರೆ ಚಮಚ. ಅಕ್ಕೋರು ಸ್ವಲ್ಪ ಹೊತ್ತು ಯೋಚಿಸಿ "ಹಾಂಗಾರೆ ಅಡ್ಡಿಲ್ಲ" ಅಂದರು. ಅವರ ಮನಸ್ಸಿಗೆ ಇದು ಸಣ್ಣ ವಿಷಯವಾಗಿರಲಿಲ್ಲ, ನನಗೆ ಅದು ಗೊತ್ತು.

ಕರಾವಳಿಯವರಿಗೆ ಇನ್ನೊಂದು ಮಾತು. ಮೀನು ಸಿಗುತ್ತದೆ ಅಂತ ದಿನಾ ಹಸಿ ಬಂಗಡೆ, ತಾರ್ಲೆ ಮಾತ್ರ ಹಾಕುವುದೂ ಒಳ್ಳೆಯದಲ್ಲ. ಕೆಲವು ಹಸಿ ಮೀನಿನಲ್ಲಿ ಬಿ1 ಜೀವಸತ್ವವನ್ನು ಹಾಳು ಮಾಡುವ ಅಂಶ ಇರುತ್ತದೆ, ಬೇಯಿಸಿದರೆ ಅದು ಹೋಗುತ್ತದೆ. ಮಳೆಗಾಲದಲ್ಲಿ ಮೀನಿಲ್ಲ ಅಂತ ಉಪ್ಪು ಹಾಕಿದ ಒಣ ಮೀನು ಕೊಡುವುದಂತೂ ಕಿಡ್ನಿ ತೊಂದರೆಯ ಬೆಕ್ಕಿಗೆ ಬೇಡವೇ ಬೇಡ.

ಮಗಳು ಬಸುರಿ, ಬಾಣಂತನಕ್ಕೆ ಬರುತ್ತಾಳೆ, ಬೆಕ್ಕಿನಿಂದ ಏನಾದರೂ ಆಗುತ್ತದಾ ಅಂತ ಮಾಸ್ತರರು ಕೇಳಿದರು. ಎಷ್ಟೋ ಬೆಕ್ಕುಗಳು ಮನೆ ಕಳೆದುಕೊಳ್ಳುವುದು ಈ ಒಂದು ಭಯಕ್ಕೆ. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲ ಟಾಕ್ಸೋಪ್ಲಾಸ್ಮಾ ಅನ್ನುವ ರೋಗಾಣು ಬೆಕ್ಕಿನ ಮಲದಿಂದ ಬರುವುದು ನಿಜ. ಆದರೆ ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕಾದಾಗ ಒಂದರಿಂದ ಮೂರು ವಾರ ಮಾತ್ರ ಅದನ್ನು ಹೊರಹಾಕುತ್ತದೆ, ಮುದಿ ಬೆಕ್ಕಿಗೆ ಆ ಕಾಲ ಮುಗಿದಿರುವುದೇ ಜಾಸ್ತಿ. ಮಲ ಬಿದ್ದ ತಕ್ಷಣ ಅದು ಅಂಟುವುದೂ ಇಲ್ಲ, ಕನಿಷ್ಠ ಒಂದು ದಿನ ಬೇಕು. ಬೆಕ್ಕು ಮಲ ಮಾಡುವ ಮರಳಿನ ತಟ್ಟೆಯನ್ನು ದಿನಾ ಬೇರೆಯವರು ಸ್ವಚ್ಛ ಮಾಡಿದರೆ, ಬಸುರಿ ಆ ಮರಳು ಮುಟ್ಟದಿದ್ದರೆ, ತೋಟದ ಮಣ್ಣು ಮುಟ್ಟಿ ಕೈ ತೊಳೆದರೆ ಸಾಕು. ಅವರ ಡಾಕ್ಟರನ್ನೂ ಒಮ್ಮೆ ಕೇಳಿ ಅಂದೆ. ಕೇಳಿ ಬಂದು ಒಪ್ಪಿದರು.

ಕೊಡುವಾಗ ಒಂದು ಕಾಗದ ಮಾಡಿಕೊಂಡೆವು. ಸಾಕಲಾಗದಿದ್ದರೆ ಬೇರೆಯವರಿಗೆ ದಾಟಿಸದೆ ನಮಗೇ ಕೊಡಬೇಕು. ಮೊದಲ ಒಂದು ತಿಂಗಳು ನೋಡಿ, ಆಗದಿದ್ದರೆ ನಾವೇ ಬಂದು ಕರೆದುಕೊಂಡು ಹೋಗುತ್ತೇವೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅವರಿಗೇ ಏನಾದರೂ ಆದರೆ ಬೆಕ್ಕನ್ನು ಯಾರು ನೋಡಿಕೊಳ್ಳುವುದು ಅಂತಲೂ ಒಂದು ಹೆಸರು. ವಯಸ್ಸಾದವರ ಹತ್ತಿರ ಇದನ್ನು ಕೇಳಲು ನಾಲಿಗೆ ಏಳಲಿಲ್ಲ, ಆದರೆ ಗೌರಿ ಒಮ್ಮೆ ಹಾಗೇ ಅನಾಥಳಾದವಳು. ಮಾಸ್ತರರು ಸುಲಭವಾಗಿ ತಮ್ಮನ ಮಗನ ಹೆಸರು ಬರೆದರು.

ಪ್ರಯಾಣಕ್ಕೆ ಮುಂಚೆ ಬೆಕ್ಕನ್ನು ಒಯ್ಯುವ ಪೆಟ್ಟಿಗೆಯ, ಅಂದರೆ ಕ್ಯಾರಿಯರ್‌ನ ಬಾಗಿಲು ತೆಗೆದು ಮನೆಯಲ್ಲೇ ಇಟ್ಟು ಅದರೊಳಗೇ ಊಟ ಹಾಕುತ್ತಿದ್ದೆ, ಆಗ ಹತ್ತಲು ಹೆದರುವುದಿಲ್ಲ. ದೇವಿಮನೆ ಘಟ್ಟದ ತಿರುವಿಗೆ ವಾಂತಿ ಆಗಬಾರದು ಅಂತ ಹೊರಡುವ ಕೆಲವು ಗಂಟೆ ಮೊದಲು ಊಟ ನಿಲ್ಲಿಸಿದೆ, ನೀರು ನಿಲ್ಲಿಸಲಿಲ್ಲ. ಡಾಕ್ಟರು ಶಾಂತವಾಗಿರಲು ಮಾತ್ರೆ ಕೊಟ್ಟಿದ್ದರು, ಕಿಡ್ನಿ ನೋಡಿ ಪ್ರಮಾಣ ಕಡಿಮೆ ಮಾಡಿ.

ಅಲ್ಲಿ ಇಡೀ ಮನೆ ಬಿಡಲಿಲ್ಲ. ಜಗಲಿ ಪಕ್ಕದ ಕೋಣೆ ಒಂದೇ. ನಮ್ಮ ಮನೆಯಲ್ಲಿ ಅವಳು ಮಲಗುತ್ತಿದ್ದ ಹಳೆ ಸೀರೆಯನ್ನು ತೊಳೆಯದೇ ತೆಗೆದುಕೊಂಡು ಹೋಗಿದ್ದೆ. ಮರಳಿನ ತಟ್ಟೆಯ ಒಂದು ಅಂಚು ಕತ್ತರಿಸಿ ತಗ್ಗಿಸಿದ್ದೆ, ಕಾಲೆತ್ತಿ ದಾಟಲು ಕಷ್ಟ ಅಂತ. ಅವಳು ನೇರ ಮಂಚದ ಕೆಳಗೆ ಹೋದಳು. ಎಳೆಯಬೇಡಿ, ಬಗ್ಗಿ ಬಗ್ಗಿ ನೋಡಬೇಡಿ, ನಿಮ್ಮ ಪಾಡಿಗೆ ನೀವಿರಿ ಅಂದೆ. ಒಂದೇ ಒಂದು ವಿಷಯಕ್ಕೆ ಮಾತ್ರ ಕಾಯಬಾರದು. ಪೂರ್ತಿ ಒಂದು ದಿನ ಏನೂ ತಿನ್ನದಿದ್ದರೆ ಫೋನ್ ಮಾಡಬೇಕು. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಲಿವರ್‌ಗೆ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರುತ್ತದೆ. ಹಾಗಂತ ಜ್ವರ ಇರಬೇಕು ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ ಅಂತಲೂ ಹೇಳಿದೆ. ಬೆಕ್ಕಿಗೆ ಅದು ವಿಷ, ಒಂದು ಮಾತ್ರೆ ಸಾಕು ಸಾಯಲು.

ಮರುದಿನ ಸಂಜೆ ಫೋನ್ ಬಂತು, ತಿಂದಿಲ್ಲ ಅಂತ. ಪೊಟ್ಟಣದ ಊಟವನ್ನು ಬಿಸಿನೀರಿನಲ್ಲಿಟ್ಟು ಉಗುರು ಬೆಚ್ಚಗೆ ಮಾಡಿ ಕೊಡಿ, ವಾಸನೆ ಏಳಲಿ ಅಂದೆ. ಬೆಳಗಾಗುವಷ್ಟರಲ್ಲಿ ತಟ್ಟೆ ಖಾಲಿ. ಅವಳನ್ನು ಮಂಚದ ಕೆಳಗಿಂದ ಹೊರಗೆ ತಂದದ್ದು ಮಾತ್ರ ಮಾಸ್ತರರ ಪೇಪರ್. ಅವರಿಗೆ ಬೆಳಿಗ್ಗೆ ಪೇಪರನ್ನು ಗಟ್ಟಿಯಾಗಿ ಓದುವ ಅಭ್ಯಾಸ, ಕೋಣೆಯ ನೆಲದಲ್ಲಿ ಕೂತು ಅಡಿಕೆ ಧಾರಣೆಯಿಂದ ಹಿಡಿದು ಎಲ್ಲ ಓದುತ್ತಿದ್ದರಂತೆ. ದಿನಾ ಒಂದೇ ಹೊತ್ತಿಗೆ ಒಂದೇ ದನಿ. ಕೆಲವು ದಿನ ಕಳೆದ ಮೇಲೆ ಬಂದು ಪೇಪರಿನ ಮೇಲೆಯೇ ಕೂತಳು, ಆ ಫೋಟೋ ನನ್ನ ಫೋನಿನಲ್ಲಿದೆ.

ಮೊಮ್ಮಗಳು ಹುಟ್ಟಿದ್ದಾಳೆ. ಗೌರಿ ಬಾಣಂತಿ ಕೋಣೆಯ ಬಾಗಿಲ ತನಕ ಹೋಗಿ ವಾಪಸ್ ಬರುತ್ತಾಳಂತೆ. ಕಳೆದ ಸಲದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿಲ್ಲ, ತೂಕ ಸ್ವಲ್ಪ ಹೆಚ್ಚಿದೆ.

ಈಗ ಆಶ್ರಯದಲ್ಲಿ ಇನ್ನೊಬ್ಬ ಕಾಯುತ್ತಿದ್ದಾನೆ. ಬೈತಖೋಲ್ ಬಂದರಿನ ಕಡೆಯಿಂದ ಬಂದ ಗಂಡು, ಹನ್ನೊಂದರ ಆಸುಪಾಸು, ಒಂದು ಕಿವಿ ಹರಿದಿದೆ, ಎಫ್‌ಐವಿ ಇದೆ. ಅದು ಮನುಷ್ಯರಿಗೆ ಬರುವುದಿಲ್ಲ. ಬೆಕ್ಕಿನಿಂದ ಬೆಕ್ಕಿಗೆ ಹೋಗುವುದು ಹೆಚ್ಚಾಗಿ ಜಗಳದಲ್ಲಿ ಆಳವಾಗಿ ಕಚ್ಚಿದಾಗ. ಹೊರಗೆ ಬಿಡದೆ ನೋಡಿಕೊಂಡರೆ ವರ್ಷಗಟ್ಟಲೆ ಚೆನ್ನಾಗಿ ಬದುಕುತ್ತಾನೆ. ತೊಡೆ ಮೇಲೆ ಹತ್ತಿ ಕೂತರೆ ಇಳಿಯುವುದೇ ಇಲ್ಲ. ಬೇರೆ ಬೆಕ್ಕಿಲ್ಲದ, ಕಿಟಕಿಗೆ ಜಾಲರಿ ಇರುವ, ಸಂಜೆ ಒಂದಿಷ್ಟು ಹೊತ್ತು ಸುಮ್ನೆ ಕೂರುವ ಅಭ್ಯಾಸ ಇರುವ ಮನೆ ಅವನಿಗೆ ಬೇಕು. ಕಾರವಾರ, ಅಂಕೋಲಾ, ಕುಮಟಾ ಕಡೆ ನೋಡುತ್ತಿದ್ದೇನೆ.